ಆರ್ಕ್ನಿ ದ್ವೀಪಗಳ ಪ್ರವಾಸ: ಯಾವುದನ್ನು ಮೊದಲು ಕಾಯ್ದಿರಿಸಬೇಕು, ಯಾವುದನ್ನು ಕೊನೆಗೆ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, ಪೆಂಟ್‌ಲ್ಯಾಂಡ್ ಫರ್ತ್ ಜಲಸಂಧಿಯ ಆ ದಡದಲ್ಲಿರುವ ಆರ್ಕ್ನಿ ದ್ವೀಪಸಮೂಹಕ್ಕೆ ಹೋಗಲು ಯೋಜನೆ ಹಾಕುವವರು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಎಡವುತ್ತಾರೆ. ಬೆಂಗಳೂರಿನಿಂದ ಲಂಡನ್ನಿಗೆ ಕಡಿಮೆ ದರದ ವಿಮಾನ ಟಿಕೆಟ್ ಸಿಕ್ಕಿತೆಂದು ಮೊದಲು ಅದನ್ನು ಕೊಳ್ಳುತ್ತಾರೆ, ಆಮೇಲೆ ಎಡಿನ್‌ಬರೋದಲ್ಲಿ ಹೋಟೆಲ್ ಹಿಡಿಯುತ್ತಾರೆ, ಹೊರಡಲು ತಿಂಗಳು ಉಳಿದಿದೆ ಎನ್ನುವಾಗ ಆರ್ಕ್ನಿಯ ಕಡೆ ತಿರುಗುತ್ತಾರೆ. ಅಷ್ಟು ಹೊತ್ತಿಗೆ ಹಡಗಿನಲ್ಲಿ ಕಾರಿಗೆ ಜಾಗ ಇರುವುದಿಲ್ಲ, ದ್ವೀಪದಲ್ಲಿ ಬಾಡಿಗೆ ಕಾರು ಮುಗಿದಿರುತ್ತದೆ, ಉಳಿದಿರುವ ಒಂದೆರಡು ಕೋಣೆಗಳ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಕಾರಣ ಸರಳವಾಗಿದೆ. ಸುಮಾರು 70 ದ್ವೀಪಗಳಿದ್ದರೂ ಜನವಸತಿ ಇರುವುದು 20ರಷ್ಟರಲ್ಲಿ ಮಾತ್ರ. ಒಟ್ಟು ಜನಸಂಖ್ಯೆ ಸುಮಾರು 22,000, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಅಲ್ಲಿನ ಕೋಣೆಗಳು, ಕಾರುಗಳು, ಹಡಗಿನ ಸ್ಥಳ ಎಲ್ಲವೂ ಆ ಪ್ರಮಾಣಕ್ಕೇ ಇವೆ. ಲಂಡನ್ನಿಗೆ ದಿನವೂ ವಿಮಾನ ಸಿಗುತ್ತದೆ, ಆದರೆ ಮೇಸ್‌ಹೌ ಸಮಾಧಿಯ ಒಳಗೆ ಹೋಗುವ ಸರದಿ ದಿನವೂ ಸಿಗುವುದಿಲ್ಲ. ಆದ್ದರಿಂದ ಯೋಜನೆಯನ್ನು ದ್ವೀಪದಲ್ಲಿ ಆರಂಭಿಸಿ ಬೆಂಗಳೂರಿನ ಕಡೆಗೆ ಹಿಂದಕ್ಕೆ ಹೆಣೆಯಬೇಕು. ಕೆಳಗಿನ ಹಂತಗಳೆಲ್ಲ ಆ ಕ್ರಮದಲ್ಲಿವೆ, ಅದಲುಬದಲು ಮಾಡಬೇಡಿ.

## ಮೊದಲು ಕೈಗೆ ತೆಗೆದುಕೊಳ್ಳಬೇಕಾದವು

ಐದು ಸಂಗತಿಗಳನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡು ಕೂರಬೇಕು. ಹೊರಗಿನಿಂದ ಆರ್ಕ್ನಿಗೆ ಬರುವ ನಾರ್ತ್‌ಲಿಂಕ್ ಮತ್ತು ಪೆಂಟ್‌ಲ್ಯಾಂಡ್ ಫೆರೀಸ್ ಹಡಗುಗಳ ವೇಳಾಪಟ್ಟಿ. ದ್ವೀಪದಿಂದ ದ್ವೀಪಕ್ಕೆ ಓಡಾಡುವ ಆರ್ಕ್ನಿ ಫೆರೀಸ್‌ನ ವೇಳಾಪಟ್ಟಿ. ಪ್ರಾಚೀನ ತಾಣಗಳನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಯ ಟಿಕೆಟ್ ಪುಟ. ಆರ್ಕ್ನಿ ಬಂದರು ಇಲಾಖೆ ಪ್ರಕಟಿಸುವ ವಿಹಾರ ಹಡಗುಗಳ ಆಗಮನ ಪಟ್ಟಿ. ಮತ್ತು ಸಮುದ್ರದ ಉಬ್ಬರ-ಇಳಿತದ ಕೋಷ್ಟಕ. ಕೊನೆಯ ಎರಡನ್ನು ನೋಡುವವರು ಬಹಳ ಕಡಿಮೆ. ದಿನಗಳು ಕೆಡುವುದೂ ಬಹುಪಾಲು ಅವೆರಡನ್ನು ನೋಡದೆಯೇ.

ಇದರ ಜೊತೆಗೆ ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಎಳೆದು, ಪ್ರತಿ ಸಾಲಿನಲ್ಲಿ ಇಳಿತದ ಸಮಯ, ಬಂದರಿಗೆ ಬರುವ ದೊಡ್ಡ ಹಡಗು, ಮೊದಲೇ ಗೊತ್ತುಮಾಡಿದ ಟಿಕೆಟ್, ಈ ಮೂರಕ್ಕೆ ಜಾಗ ಬಿಡಿ. ಮುಂದೆ ಎಲ್ಲವೂ ಈ ಹಾಳೆಯ ಮೇಲೆ ನಡೆಯುತ್ತದೆ.

## ಹಂತ 1: ತಿಂಗಳನ್ನೂ ದಿನಗಳ ಸಂಖ್ಯೆಯನ್ನೂ ನಿಶ್ಚಯಿಸಿ

ಮೇ ತಿಂಗಳಿನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಹೋಗುವುದು ಕ್ಷೇಮ. ಆರ್ಕ್ನಿ 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್ ತಿಂಗಳಲ್ಲಿ ಸೂರ್ಯ ಸುಮಾರು 18 ಗಂಟೆ ಕಾಲ ಮೇಲಿರುತ್ತಾನೆ, ಡಿಸೆಂಬರಿನಲ್ಲಿ ಆರು ಗಂಟೆಯಷ್ಟೇ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಇರುವ ಮೇ ತಿಂಗಳು ಮಕ್ಕಳಿರುವವರಿಗೆ ತುಂಬ ಅನುಕೂಲ: ಬೆಳಕು ದೀರ್ಘವಾಗಿರುತ್ತದೆ, ಹಡಗುಗಳ ಬೇಸಿಗೆ ವೇಳಾಪಟ್ಟಿ ಜಾರಿಯಲ್ಲಿರುತ್ತದೆ, ಸ್ಕಾಟ್ಲೆಂಡಿನ ಶಾಲಾ ರಜೆಯ ಜನಜಂಗುಳಿ ಇನ್ನೂ ಆರಂಭವಾಗಿರುವುದಿಲ್ಲ.

ಮೇ ತಿಂಗಳ ಕೊನೆಯಲ್ಲಿ ಸ್ಟ್ರಾಮ್ನೆಸ್ ಊರಿನಲ್ಲಿ ಜಾನಪದ ಸಂಗೀತೋತ್ಸವ, ಜೂನ್ ನಡುಬೇಸಿಗೆಯ ಸುಮಾರಿಗೆ ಸೇಂಟ್ ಮ್ಯಾಗ್ನಸ್ ಉತ್ಸವ, ಆಗಸ್ಟಿನಲ್ಲಿ ಕೃಷಿ ಪ್ರದರ್ಶನ ನಡೆಯುತ್ತವೆ. ಆ ವಾರಗಳಲ್ಲಿ ಕೋಣೆಗಳು ವರ್ಷ ಮುಂಚೆಯೇ ಭರ್ತಿಯಾಗಿರಬಹುದು. ಉತ್ಸವ ನೋಡುವ ಉದ್ದೇಶ ಇಲ್ಲದಿದ್ದರೆ ಆ ದಿನಾಂಕಗಳನ್ನು ಬಿಟ್ಟುಬಿಡಿ.

ನಾಲ್ಕು ರಾತ್ರಿಗಿಂತ ಕಡಿಮೆ ಇಟ್ಟುಕೊಂಡರೆ ಹೋಗದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮುಖ್ಯ ದ್ವೀಪಕ್ಕೆ ಎರಡೂವರೆ ದಿನ, ಒಂದು ಹೊರದ್ವೀಪಕ್ಕೆ ಒಂದು ದಿನ, ಗಾಳಿಮಳೆಗೆಂದು ಬಿಟ್ಟ ಅರ್ಧ ದಿನ: ಇದು ಕನಿಷ್ಠ. ಎರಡು ಹೊರದ್ವೀಪ ಬೇಕೆಂದರೆ ಆರು ರಾತ್ರಿ. ಇನ್ವರ್ನೆಸ್‌ನಿಂದ ಬೆಳಗ್ಗೆ ಹೊರಟು ಅದೇ ರಾತ್ರಿ ಮರಳುವ ಪ್ರವಾಸವನ್ನು ಮಾರುವವರಿದ್ದಾರೆ. ಅದರಲ್ಲಿ ಹೆಚ್ಚಿನ ಹೊತ್ತು ಬಸ್ಸಿನ ಕಿಟಕಿಯ ಬಳಿಯೇ ಕಳೆಯುತ್ತದೆ.

## ಹಂತ 2: ತಾಣಗಳನ್ನು ಮೂರು ಗುಂಪು ಮಾಡಿ

ಹೆಸರು ಕೇಳಿದ್ದನ್ನೆಲ್ಲ ಪಟ್ಟಿಗೆ ಸೇರಿಸುವ ಬದಲು, ಯಾವ ತಾಣಕ್ಕೆ ಯಾವ ಬಗೆಯ ಕಟ್ಟುಪಾಡು ಇದೆ ಎಂದು ನೋಡಿ ವಿಂಗಡಿಸಿದರೆ ದಿನಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮೊದಲನೆಯ ಗುಂಪು, ಗಡಿಯಾರಕ್ಕೆ ಕಟ್ಟುಬಿದ್ದ ತಾಣಗಳು. ಮೇಸ್‌ಹೌ ಎಂಬ ನವಶಿಲಾಯುಗದ ಸಮಾಧಿಗೆ ಮಾರ್ಗದರ್ಶಿಯೊಂದಿಗೆ, ನಿಗದಿತ ಸಮಯದಲ್ಲಿ ಮಾತ್ರ ಪ್ರವೇಶ. ಒಂದು ತಂಡದಲ್ಲಿ ಹೋಗುವವರ ಸಂಖ್ಯೆ ಕಡಿಮೆ. ಸ್ಕಾರಾ ಬ್ರೇ ಎಂಬ ಕಲ್ಲಿನ ಹಳ್ಳಿಗೂ ಮುಂಚಿತವಾಗಿ ಟಿಕೆಟ್ ಪಡೆಯುವುದು ಉತ್ತಮ. 5,000 ವರ್ಷಗಳ ಹಿಂದಿನ ಕಲ್ಲಿನ ಮಂಚ, ಕಲ್ಲಿನ ಕಪಾಟುಗಳನ್ನು ಮೇಲಿನ ಹಾದಿಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಬೇಕು. ಮನೆಗಳ ಒಳಗೆ ಇಳಿಯಲು ಬಿಡುವುದಿಲ್ಲ. ಒಳಗೆ ಹೊಕ್ಕು ನೋಡುವ ಆಸೆಗೆ ವಿಸಿಟರ್ ಸೆಂಟರಿನ ಪಕ್ಕದಲ್ಲಿ ಕಟ್ಟಿರುವ ಮಾದರಿ ಮನೆ ಇದೆ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ.

ಎರಡನೆಯದು, ಸಮುದ್ರಕ್ಕೆ ಕಟ್ಟುಬಿದ್ದ ತಾಣ. ಬ್ರಫ್ ಆಫ್ ಬರ್ಸೇ ಎಂಬ ಪುಟ್ಟ ದ್ವೀಪದಲ್ಲಿ ಪಿಕ್ಟ್ ಎಂಬ ಸ್ಕಾಟ್ಲೆಂಡಿನ ಪ್ರಾಚೀನ ಜನರ ಮತ್ತು ನಾರ್ಸ್ (ವೈಕಿಂಗ್) ಜನರ ವಸತಿಯ ಅವಶೇಷಗಳಿವೆ. ಅಲ್ಲಿಗೆ ಹೋಗುವ ಕಾಂಕ್ರೀಟಿನ ಕಾಲುದಾರಿ ಸಮುದ್ರ ಪೂರ್ತಿ ಇಳಿದ ಹೊತ್ತಿನ ಹಿಂದೆ ಮುಂದೆ ಸುಮಾರು ಎರಡೆರಡು ಗಂಟೆ ಮಾತ್ರ ನೀರಿನಿಂದ ಹೊರಗಿರುತ್ತದೆ.

ಮೂರನೆಯದು, ಯಾವ ಹೊತ್ತಿಗಾದರೂ ಹೋಗಬಹುದಾದ ತಾಣಗಳು. 104 ಮೀಟರ್ ವ್ಯಾಸದ ಬ್ರಾಡ್ಗರ್ ಕಲ್ಲಿನ ವರ್ತುಲ, ಅದರ ಹತ್ತಿರದ ಸ್ಟೆನ್ನೆಸ್ ಕಲ್ಲುಗಳು, ಕುವೀನ್ ಮತ್ತು ಅನ್‌ಸ್ಟನ್ ಸಮಾಧಿಗಳು. ಇವಕ್ಕೆ ಟಿಕೆಟ್ ಇಲ್ಲ. ಬ್ರಾಡ್ಗರ್‌ಗೆ ರಾತ್ರಿ ಒಂಬತ್ತಕ್ಕೆ ಹೋದರೂ ಜೂನ್ ತಿಂಗಳಲ್ಲಿ ಧಾರಾಳ ಬೆಳಕಿರುತ್ತದೆ, ಬಸ್ಸುಗಳು ಒಂದೂ ಇರುವುದಿಲ್ಲ. ಹಗಲಿನ ಬೆಲೆಬಾಳುವ ಹೊತ್ತನ್ನು ಈ ಗುಂಪಿನ ತಾಣಗಳಿಗೆ ಕೊಡುವುದು ಬಹುಜನರ ತಪ್ಪು.

ಹಳೆಯ ಪ್ರವಾಸ ಬರಹಗಳನ್ನು ನಂಬಿ ಮೋಸಹೋಗದಿರಲು ಇನ್ನೆರಡು ಮಾತು. ನೆಸ್ ಆಫ್ ಬ್ರಾಡ್ಗರ್ ಎಂಬ ನವಶಿಲಾಯುಗದ ನೆಲೆಯ ಉತ್ಖನನವನ್ನು ಕಣ್ಣಾರೆ ನೋಡಬಹುದೆಂದು ಇಂದಿಗೂ ಅನೇಕ ಕಡೆ ಬರೆದಿದೆ. ಆ ಉತ್ಖನನ 2024ರ ಬೇಸಿಗೆಯಲ್ಲಿ ಮುಗಿದು, ಕಟ್ಟಡಗಳನ್ನು ರಕ್ಷಣೆಗಾಗಿ ಮತ್ತೆ ಮಣ್ಣಿನಿಂದ ಮುಚ್ಚಲಾಗಿದೆ. ಸೌತ್ ರೊನಾಲ್ಡ್‌ಸೇ ದ್ವೀಪದಲ್ಲಿದ್ದ ಹದ್ದುಗಳ ಸಮಾಧಿ ಎಂಬ ಖಾಸಗಿ ತಾಣ 2020ರಲ್ಲಿ ಬಾಗಿಲು ಹಾಕಿತು. ಯಾವುದಾದರೂ ಪಟ್ಟಿಯಲ್ಲಿ ಇವೆರಡೂ ‘ತಪ್ಪದೆ ನೋಡಿ’ ಎಂದು ಕಂಡರೆ, ಆ ಪಟ್ಟಿಯ ಮಿಕ್ಕ ಮಾಹಿತಿಯನ್ನೂ ಅನುಮಾನದಿಂದಲೇ ನೋಡಿ.

## ಹಂತ 3: ತಲುಪುವ ದಾರಿಯನ್ನು ಆರಿಸಿ

ದಾರಿಯ ಆಯ್ಕೆ ದರಪಟ್ಟಿಯಿಂದ ಆಗಬಾರದು. ಕಾರು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದರಿಂದ ಆಗಬೇಕು.

ಇನ್ವರ್ನೆಸ್ ಅಥವಾ ಎಡಿನ್‌ಬರೋದಲ್ಲಿ ಕಾರು ಬಾಡಿಗೆಗೆ ಪಡೆದು ಓಡಿಸಿಕೊಂಡು ಬರುವುದಾದರೆ ಎರಡು ಹಡಗುಗಳಿವೆ. ಸ್ಕ್ರಾಬ್‌ಸ್ಟರ್‌ನಿಂದ ಸ್ಟ್ರಾಮ್ನೆಸ್‌ಗೆ ನಾರ್ತ್‌ಲಿಂಕ್ ಹಡಗು ಸುಮಾರು 90 ನಿಮಿಷ ತೆಗೆದುಕೊಳ್ಳುತ್ತದೆ ಮತ್ತು ದಾರಿಯಲ್ಲಿ 137 ಮೀಟರ್ ಎತ್ತರದ ‘ಓಲ್ಡ್ ಮ್ಯಾನ್ ಆಫ್ ಹಾಯ್’ ಎಂಬ ಕಡಲ ಕಂಬದ ಬಳಿ ಹಾದುಹೋಗುತ್ತದೆ. ಗಿಲ್ಸ್ ಬೇಯಿಂದ ಸೇಂಟ್ ಮಾರ್ಗರೆಟ್ಸ್ ಹೋಪ್‌ಗೆ ಪೆಂಟ್‌ಲ್ಯಾಂಡ್ ಫೆರೀಸ್ ಹಡಗು ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಇನ್ವರ್ನೆಸ್‌ನಿಂದ ಈ ಬಂದರುಗಳಿಗೆ ಎರಡೂವರೆ ಮೂರು ಗಂಟೆಯ ದಾರಿ. ಹಡಗು ಹೊರಡುವುದಕ್ಕೆ ಸಾಕಷ್ಟು ಮೊದಲೇ ಕಾರಿನ ಚೆಕ್-ಇನ್ ಮುಚ್ಚುತ್ತದೆ. ಟಿಕೆಟಿನಲ್ಲಿ ಬರೆದಿರುವ ಚೆಕ್-ಇನ್ ಗಡುವನ್ನೇ ಹೊರಡುವ ಸಮಯವೆಂದು ಭಾವಿಸಿ ಲೆಕ್ಕ ಹಾಕಿ. ಬಾಡಿಗೆ ಕಾರನ್ನು ಹಡಗಿನಲ್ಲಿ ಸಾಗಿಸಲು ಕಂಪನಿಯ ಒಪ್ಪಿಗೆ ಬೇಕಾಗಬಹುದು, ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ರೈಲಿನಲ್ಲಿ ಬರುವವರು ಇನ್ವರ್ನೆಸ್‌ನಿಂದ ಥರ್ಸೊಗೆ ಸುಮಾರು ನಾಲ್ಕು ಗಂಟೆ ಪ್ರಯಾಣಿಸಬೇಕು. ದಿನಕ್ಕೆ ಬೆರಳೆಣಿಕೆಯ ರೈಲುಗಳಿವೆ. ಥರ್ಸೊ ನಿಲ್ದಾಣಕ್ಕೂ ಸ್ಕ್ರಾಬ್‌ಸ್ಟರ್ ಬಂದರಿಗೂ ಮೂರು ಕಿಲೋಮೀಟರಿನಷ್ಟು ಅಂತರವಿದೆ. ರೈಲು ತಡವಾದರೆ ಹಡಗು ಕಾಯುವುದಿಲ್ಲ.

ಆಬರ್ಡೀನ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ಗೆ ವಾರದ ಕೆಲವು ದಿನ ಹೊರಡುವ ಹಡಗು ಆರು ಗಂಟೆ ಸಾಗಿ ರಾತ್ರಿ ಹನ್ನೊಂದರ ಸುಮಾರಿಗೆ ತಲುಪುತ್ತದೆ. ಹಡಗುಕಟ್ಟೆ ಊರಿನಿಂದ ಹೊರಗೆ ಹ್ಯಾಟ್‌ಸ್ಟನ್ ಎಂಬಲ್ಲಿದೆ. ಆ ಹೊತ್ತಿಗೆ ಬಾಗಿಲು ತೆರೆಯುವವರು ಯಾರು, ಟ್ಯಾಕ್ಸಿ ಯಾವುದು ಎಂಬುದು ಮೊದಲೇ ಗೊತ್ತಿರದಿದ್ದರೆ ಈ ದಾರಿ ಬೇಡ.

ವಿಮಾನದಲ್ಲಿ ಬರುವುದಾದರೆ ಎಡಿನ್‌ಬರೋ, ಗ್ಲಾಸ್ಗೋ, ಆಬರ್ಡೀನ್, ಇನ್ವರ್ನೆಸ್‌ಗಳಿಂದ ಲೋಗನ್‌ಏರ್ ಸಂಸ್ಥೆಯ ಸಣ್ಣ ವಿಮಾನಗಳು ಕರ್ಕ್‌ವಾಲ್‌ಗೆ ಹಾರುತ್ತವೆ. ಭಾರತದಿಂದ ತಂದ ಎರಡೆರಡು ದೊಡ್ಡ ಸೂಟ್‌ಕೇಸುಗಳ ತೂಕಕ್ಕೆ ಇಲ್ಲಿ ಅನುಮತಿ ಇರದಿರಬಹುದು. ಹೆಚ್ಚಿನದನ್ನು ಎಡಿನ್‌ಬರೋದಲ್ಲಿ ಬಿಟ್ಟು ಬನ್ನಿ. ಕಡಲ ಮಂಜು ಕವಿದಾಗ ವಿಮಾನಗಳು ತಡವಾಗುತ್ತವೆ. ಅಂತರರಾಷ್ಟ್ರೀಯ ವಿಮಾನಕ್ಕೂ ಇದಕ್ಕೂ ಬೇರೆ ಬೇರೆ ಟಿಕೆಟ್ ಇದ್ದರೆ ಒಂದರ ವಿಳಂಬಕ್ಕೆ ಇನ್ನೊಂದು ಹೊಣೆಯಾಗುವುದಿಲ್ಲ, ಆದ್ದರಿಂದ ನಡುವೆ ಒಂದು ರಾತ್ರಿ ಬಿಡಬೇಕು.

ಕಾಯ್ದಿರಿಸುವಾಗ ಹೆಸರುಗಳಲ್ಲೂ ಎಚ್ಚರವಿರಲಿ. ಆರ್ಕ್ನಿಯ ಅತಿದೊಡ್ಡ ದ್ವೀಪದ ಹೆಸರೇ ‘ಮೇನ್‌ಲ್ಯಾಂಡ್’. ಹೋಟೆಲ್ ವಿಳಾಸದಲ್ಲಿ ಅದನ್ನು ಕಂಡು ಸ್ಕಾಟ್ಲೆಂಡಿನ ಭೂಭಾಗವೆಂದು ತಿಳಿಯುವವರುಂಟು. ಸೌತ್ ರೊನಾಲ್ಡ್‌ಸೇಗೆ ಕಾರಿನಲ್ಲೇ ಹೋಗಬಹುದು. ನಾರ್ತ್ ರೊನಾಲ್ಡ್‌ಸೇ ಎಂಬುದು ಉತ್ತರದ ಕಟ್ಟಕಡೆಯ ದ್ವೀಪ. ಒಂದರ ಬದಲು ಇನ್ನೊಂದರಲ್ಲಿ ಕೋಣೆ ಹಿಡಿದರೆ ಪ್ರವಾಸವೇ ಬೇರೆಯಾಗುತ್ತದೆ.

## ಹಂತ 4: ಈ ಕ್ರಮದಲ್ಲಿ ಕಾಯ್ದಿರಿಸಿ

1. ತಂಗುವ ಕೋಣೆ ಅಥವಾ ಮನೆ. ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಆರಿಸಿ. ಕರ್ಕ್‌ವಾಲ್‌ನಲ್ಲಿ ಅಂಗಡಿಗಳೂ ಬಸ್ಸುಗಳೂ ಹೆಚ್ಚು. ಸ್ಟ್ರಾಮ್ನೆಸ್ ಮುಖ್ಯ ತಾಣಗಳಿಗೆ ಹತ್ತಿರ. ಪ್ರತಿ ರಾತ್ರಿ ಜಾಗ ಬದಲಿಸುವುದು ಇಲ್ಲಿ ವ್ಯರ್ಥ ಶ್ರಮ, ಏಕೆಂದರೆ ಮುಖ್ಯ ದ್ವೀಪದ ಯಾವ ಮೂಲೆಗೂ ಒಂದು ಗಂಟೆಯೊಳಗೆ ಹೋಗಬಹುದು.

2. ಕಾರು. ದ್ವೀಪದಲ್ಲಿ ಬಾಡಿಗೆಗೆ ಕೊಡುವವರು ಕೆಲವೇ ಮಂದಿ, ಆಟೊಮ್ಯಾಟಿಕ್ ಗೇರಿನ ಕಾರುಗಳು ಇನ್ನೂ ವಿರಳ. ಭಾರತದ ಚಾಲನಾ ಪರವಾನಗಿಯಲ್ಲಿ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು, ರಸ್ತೆಯೂ ನಮ್ಮಂತೆಯೇ ಎಡಬದಿ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕೆಂದು, ಕನಿಷ್ಠ ವಯಸ್ಸು ಇಷ್ಟಿರಬೇಕೆಂದು ಬಹುಪಾಲು ಕಂಪನಿಗಳು ಕೇಳುತ್ತವೆ. ಅಪ್ಪನ ಕಾರ್ಡು, ಮಗನ ಚಾಲನೆ ಎಂಬ ನಮ್ಮ ಏರ್ಪಾಡು ಕೌಂಟರಿನಲ್ಲಿ ನಡೆಯುವುದಿಲ್ಲ.

3. ಹಡಗು ಅಥವಾ ದ್ವೀಪದ ವಿಮಾನ. ಕಾರಿನ ಸ್ಥಳ ಪ್ರಯಾಣಿಕರ ಸ್ಥಳಕ್ಕಿಂತ ಬೇಗ ಮುಗಿಯುತ್ತದೆ.

4. ವೀಸಾ.

5. ವೀಸಾ ಬಂದ ಮೇಲೆ ಅಂತರರಾಷ್ಟ್ರೀಯ ವಿಮಾನ.

6. ಮೇಸ್‌ಹೌ, ಸ್ಕಾರಾ ಬ್ರೇ ಟಿಕೆಟ್. ನಿಮ್ಮ ದಿನಾಂಕಗಳಿಗೆ ಟಿಕೆಟ್ ಬಿಡುಗಡೆಯಾದ ಕೂಡಲೇ ಮೇಸ್‌ಹೌ ಸರದಿ ಹಿಡಿಯಿರಿ, ಅದು ವಿಮಾನಕ್ಕಿಂತ ಮೊದಲು ಬಂದರೂ ಸರಿ. ಪ್ರವೇಶ ಪಾಸ್ ಕೊಂಡಿದ್ದರೂ ಇಲ್ಲಿ ಸಮಯವನ್ನು ಬೇರೆಯಾಗಿಯೇ ಗೊತ್ತುಮಾಡಿಕೊಳ್ಳಬೇಕು.

## ಹಂತ 5: ವೀಸಾ ಮತ್ತು ಕಾಗದಪತ್ರ

ಆರ್ಕ್ನಿಗೆಂದು ಬೇರೆ ಅನುಮತಿ ಬೇಕಿಲ್ಲ; ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾ ಸಾಕು. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಅರ್ಜಿ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಆಗುವುದಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನ ಬರುತ್ತದೆ. ಬೇಸಿಗೆ ರಜೆಯ ಮುಂಚಿನ ವಾರಗಳಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚಿನ ದಿನಾಂಕ ಸಿಗುವುದೇ ತಡವಾಗಬಹುದಾದ್ದರಿಂದ, ಮೂರು ತಿಂಗಳ ಬಾಗಿಲು ತೆರೆದ ವಾರದಲ್ಲೇ ಅರ್ಜಿ ಹಾಕುವುದು ಜಾಣತನ. ರದ್ದು ಮಾಡಲಾಗದ ವಿಮಾನ ಟಿಕೆಟನ್ನು ಅರ್ಜಿಗೆಂದು ಕೊಳ್ಳುವ ಅಗತ್ಯವಿಲ್ಲ, ಪ್ರಯಾಣದ ವಿವರ ಬರೆದರೆ ಸಾಕು.

ಬ್ರಿಟನ್ನಿನಲ್ಲೇ ಕೆಲಸದ ವೀಸಾದ ಮೇಲೆ ಇರುವ ಕನ್ನಡಿಗರಿಗೆ ಈ ಹಂತವೇ ಇಲ್ಲ. ದೇಶದೊಳಗಿನ ವಿಮಾನಕ್ಕೆ ಭಾವಚಿತ್ರವಿರುವ ಗುರುತಿನ ಚೀಟಿ ಇದ್ದರಾಯಿತು. ಆದರೆ ಊರಿನಿಂದ ಬರುವ ಅಪ್ಪ-ಅಮ್ಮನನ್ನು ಜೊತೆಗೆ ಕರೆದೊಯ್ಯುವುದಾದರೆ ಅವರಿಗೆ ವೈದ್ಯಕೀಯ ವಿಮೆ ಮಾಡಿಸದೆ ಹೊರಡಬೇಡಿ. ಕರ್ಕ್‌ವಾಲ್‌ನಲ್ಲಿ ಬ್ಯಾಲ್ಫರ್ ಆಸ್ಪತ್ರೆ ಇದೆ, ಆದರೆ ತುರ್ತು ವಿಭಾಗದಾಚೆಗಿನ ಚಿಕಿತ್ಸೆಗೆ ಸಂದರ್ಶಕರು ಹಣ ಕೊಡಬೇಕಾಗುತ್ತದೆ.

## ಹಂತ 6: ದಿನಗಳನ್ನು ಹೊಂದಿಸಿ

ಈಗ ಹಾಳೆಯನ್ನು ಮುಂದಿಟ್ಟುಕೊಳ್ಳಿ. ಮೊದಲು ಪ್ರತಿ ದಿನದ ಇಳಿತದ ಸಮಯವನ್ನು ಬರೆಯಿರಿ. ಕೆಲವು ಕೋಷ್ಟಕಗಳು ಗ್ರೀನಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಒಂದು ಗಂಟೆ ಕೂಡಿಸಬೇಕು. ಬರ್ಸೇಯಲ್ಲಿ ಇದೊಂದನ್ನು ಮರೆತವರಿಗೆ ಕಾಲುದಾರಿಯ ಬದಲು ನೀರು ಕಾಣುತ್ತದೆ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ, ಆದ್ದರಿಂದ ಮಧ್ಯಾಹ್ನದ ಆಸುಪಾಸಿಗೆ ಇಳಿತ ಬರುವ ದಿನವನ್ನೇ ಬರ್ಸೇಗೆ ಕೊಡಿ. ಇಳಿಯುತ್ತಿರುವ ನೀರಿನ ಹಿಂದೆಯೇ ದಾಟಿ, ಏರುವುದಕ್ಕೆ ಮುಂಚೆಯೇ ಹಿಂದಿರುಗಿ. ಕಾಲುದಾರಿಯ ಅಂಚಿನಲ್ಲಿ ಹಸಿರು ಪಾಚಿ ಜಾರುತ್ತದೆ. ನಡುದಾರಿಯ ಎರಡೂ ಬದಿ ನೀರು ಒಳಗೆ ಬರುತ್ತಿರುವುದು ಕಂಡರೆ ಆ ದಡಕ್ಕೆ ಹೋಗುವ ಯೋಚನೆ ಬಿಟ್ಟು, ಕೂಡಲೇ ಕಾರಿನ ಕಡೆ ತಿರುಗಿ.

ಆಮೇಲೆ ವಿಹಾರ ಹಡಗುಗಳ ಪಟ್ಟಿ. ಕರ್ಕ್‌ವಾಲ್ ಬ್ರಿಟನ್ನಿನಲ್ಲಿ ಇಂಥ ಹಡಗುಗಳು ಅತಿ ಹೆಚ್ಚು ಬರುವ ಬಂದರುಗಳಲ್ಲೊಂದು. ಸಾವಿರಾರು ಪ್ರಯಾಣಿಕರ ಹಡಗು ನಿಂತ ದಿನ, ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಸ್ಕಾರಾ ಬ್ರೇಯಲ್ಲೂ ಬ್ರಾಡ್ಗರ್‌ನಲ್ಲೂ ಬಸ್ಸುಗಳ ಸಾಲು. ಅಂಥ ದಿನವನ್ನು ಹೊರದ್ವೀಪಕ್ಕೆ ಕೊಟ್ಟುಬಿಡಿ. ಹಡಗಿಲ್ಲದ ದಿನ ಸ್ಕಾರಾ ಬ್ರೇಯ ಮೊದಲ ಸರದಿ ಹಿಡಿಯಿರಿ.

ಮೇಸ್‌ಹೌ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಕ್ಷೆಯಲ್ಲಿ ಕಾಣುವ ದಿಬ್ಬದ ಬಳಿಗೆ ನೇರವಾಗಿ ಕಾರು ಓಡಿಸಬೇಡಿ, ಅಲ್ಲಿ ನಿಲ್ಲಿಸುವ ಜಾಗವಿಲ್ಲ. ಸ್ಟೆನ್ನೆಸ್ ಹಳ್ಳಿಯ ವಿಸಿಟರ್ ಸೆಂಟರಿನಲ್ಲಿ ಹಾಜರಾಗಬೇಕು, ಅಲ್ಲಿಂದ ಅವರದೇ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ತಡವಾದರೆ ಬಸ್ಸು ಹೋಗಿರುತ್ತದೆ. ಒಳದಾರಿ ಸುಮಾರು ಹತ್ತು ಮೀಟರ್ ಉದ್ದ, ಎತ್ತರ ಒಂದು ಮೀಟರಿನಷ್ಟು. ಸೊಂಟ ಬಗ್ಗಿಸಿ, ಬೆನ್ನಿನ ಚೀಲವನ್ನು ಎದೆಗೆ ತಂದುಕೊಂಡು, ಮುಂದಿನವರ ಹಿಮ್ಮಡಿ ನೋಡುತ್ತಾ ಸಾಗಬೇಕು. ಒಳಗೆ ನೆಟ್ಟಗೆ ನಿಲ್ಲಬಹುದು. ಗೋಡೆಯ ಮೇಲೆ ನಾರ್ಸ್ ಜನ 12ನೆಯ ಶತಮಾನದಲ್ಲಿ ಕೆತ್ತಿದ ರೂನ್ ಎಂಬ ಹಳೆಯ ಲಿಪಿಯ ಅಕ್ಷರಗಳನ್ನು ಮಾರ್ಗದರ್ಶಿ ಟಾರ್ಚ್ ಬೆಳಕು ಓರೆಯಾಗಿ ಬೀಳಿಸಿ ತೋರಿಸುವಾಗ ಮಾತ್ರ ಅವು ಕಣ್ಣಿಗೆ ಸ್ಪಷ್ಟವಾಗುತ್ತವೆ. ಮಂಡಿನೋವು, ಸೊಂಟನೋವು ಇರುವ ಹಿರಿಯರನ್ನು ಬಲವಂತವಾಗಿ ಕರೆದೊಯ್ಯಬೇಡಿ. ವಿಸಿಟರ್ ಸೆಂಟರಿನಲ್ಲಿ ಅವರಿಗಾಗಿ ಪ್ರದರ್ಶನವಿದೆ.

ಸರದಿ ಸಿಗಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಕುವೀನ್ ಸಮಾಧಿ ಅದೇ ಬಗೆಯದು, ಚಿಕ್ಕದು, ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಅಲ್ಲಿ ಮಾತ್ರ ಬಗ್ಗಿದರೆ ಸಾಲದು, ಕೈಮಂಡಿ ಊರಿ ತೆವಳಬೇಕು. ಮಳೆ ಬಂದಿದ್ದರೆ ಮಂಡಿಗೆ ಕೆಸರು ಮೆತ್ತುತ್ತದೆ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ. ಮೊಬೈಲಿನ ಬೆಳಕನ್ನು ನಂಬಿದರೆ ಫೋನು ಕೆಸರಿಗೆ ಬೀಳುವುದು ಖಂಡಿತ.

ಮಳೆ ಜೋರಾದ ಅರ್ಧ ದಿನಕ್ಕೆ ಕರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ ಮತ್ತು ಅದರ ಎದುರಿನ ಆರ್ಕ್ನಿ ಮ್ಯೂಸಿಯಂ ಇಟ್ಟುಕೊಳ್ಳಿ.

## ಹಂತ 7: ಹೊರದ್ವೀಪಕ್ಕೆ ಒಂದು ದಿನ

ರೌಸೇ ಅಥವಾ ಹಾಯ್, ಇವೆರಡರಲ್ಲಿ ಒಂದನ್ನು ಆರಿಸಿ. ಪ್ರಾಚೀನ ತಾಣಗಳೇ ಗುರಿಯಾಗಿದ್ದರೆ ರೌಸೇ ಮೇಲು: ಮಿಡ್‌ಹೌ ಎಂಬಲ್ಲಿ 23 ಮೀಟರ್ ಉದ್ದದ ಕೋಣೆಯುಳ್ಳ ಸಮಾಧಿಯನ್ನು ದೊಡ್ಡ ಕಟ್ಟಡವೊಂದು ಹೊದ್ದು ಕಾಪಾಡುತ್ತಿದೆ. ರಸ್ತೆಯಿಂದ ಅಲ್ಲಿಗೆ ಇಳಿಯುವ ಹುಲ್ಲಿನ ಇಳಿಜಾರು ಕಡಿದಾಗಿದೆ, ಮರಳುವಾಗ ಅದನ್ನೇ ಏರಬೇಕು.

ರೌಸೇಗೆ ಟಿಂಗ್‌ವಾಲ್‌ನಿಂದ ಸುಮಾರು ಅರ್ಧ ಗಂಟೆಯ ದೋಣಿ. ಈ ದೋಣಿಗೆ ಕಾರನ್ನು ಹಿಮ್ಮುಖವಾಗಿ ಹತ್ತಿಸಬೇಕು ಎಂಬುದು ಬಹುಜನರಿಗೆ ಅಲ್ಲಿ ಹೋದ ಮೇಲೆ ತಿಳಿಯುತ್ತದೆ. ಕನ್ನಡಿಯನ್ನು ಮಾತ್ರ ನೋಡುತ್ತಾ, ಸಿಬ್ಬಂದಿಯ ಕೈಸನ್ನೆಯಂತೆ ಸ್ಟಿಯರಿಂಗ್ ತಿರುಗಿಸಿದರೆ ಸಾಕು. ಕಿಟಕಿಯಿಂದ ಕತ್ತು ಹೊರಹಾಕಿ ನಿಮ್ಮ ಅಂದಾಜು ಸೇರಿಸಿದಾಗಲೇ ಕಾರು ಓರೆಯಾಗುವುದು. ಕಾರಿನ ಜಾಗವನ್ನು ಮುಂಚಿತವಾಗಿ, ಹೋಗುವುದಕ್ಕೂ ಬರುವುದಕ್ಕೂ, ಕಾಯ್ದಿರಿಸಿ.

ಹಾಯ್‌ಗೆ ಎರಡು ದೋಣಿಗಳಿವೆ. ಹೌಟನ್‌ನಿಂದ ಲೈನೆಸ್‌ಗೆ ಕಾರಿನ ದೋಣಿ, ಸ್ಟ್ರಾಮ್ನೆಸ್‌ನಿಂದ ಮೋನೆಸ್‌ಗೆ ನಡೆದು ಹೋಗುವವರ ದೋಣಿ. ಒಂದೇ ಬೃಹತ್ ಬಂಡೆಯನ್ನು ಕೊರೆದು ಮಾಡಿದ ‘ಡ್ವಾರ್ಫೀ ಸ್ಟೇನ್’ ಸಮಾಧಿ ರ‍್ಯಾಕ್‌ವಿಕ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ರ‍್ಯಾಕ್‌ವಿಕ್‌ನಿಂದ ಓಲ್ಡ್ ಮ್ಯಾನ್ ಎದುರಿನ ಬಂಡೆಯಂಚಿಗೆ ಹೋಗಿ ಬರಲು ಮೂರು ಗಂಟೆ ಬೇಕು. ಅಂಚಿಗೆ ಬೇಲಿ ಇಲ್ಲ. ಗಾಳಿ ಜೋರಿರುವ ದಿನ ಮಕ್ಕಳನ್ನು ಕರೆದೊಯ್ಯಬೇಡಿ. ಕೊನೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ, ಅದೂ ಕೋಣೆ ಸಿಕ್ಕರೆ.

ಹೆಚ್ಚು ದಿನಗಳಿದ್ದವರು ಪಾಪಾ ವೆಸ್ಟ್ರೇಗೆ ಹೋಗಬಹುದು. ನ್ಯಾಪ್ ಆಫ್ ಹೋವರ್ ಎಂಬ ಕಲ್ಲಿನ ಮನೆಗಳು ಸ್ಕಾರಾ ಬ್ರೇಗಿಂತಲೂ ಹಳೆಯವು. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವಿನ 2.7 ಕಿಲೋಮೀಟರಿನ ಹಾರಾಟ ವೇಳಾಪಟ್ಟಿಯುಳ್ಳ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು, ಎರಡು ನಿಮಿಷದ್ದು. ವಿಮಾನದಲ್ಲಿ ಎಂಟೇ ಆಸನಗಳಿರುವುದರಿಂದ ಆ ಮೋಜಿಗಾಗಿ ಹೋಗುವವರ ಪೈಪೋಟಿ ಇರುತ್ತದೆ. ಭಾನುವಾರ ಹೊರದ್ವೀಪಗಳಿಗೆ ದೋಣಿ ವಿರಳ. ವಾರದ ದಿನದ ಸಮಯ ನೋಡಿ ಭಾನುವಾರಕ್ಕೆ ಯೋಜನೆ ಹಾಕಿದವರು ದಡದಲ್ಲೇ ಉಳಿಯುತ್ತಾರೆ.

## ಹಂತ 8: ಬಟ್ಟೆ, ಊಟ, ಹಣ

ಬೇಸಿಗೆಯ ನಡುಹಗಲಲ್ಲೂ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೆ ಕಾಡುವುದು ಚಳಿಗಿಂತ ಗಾಳಿ. ಛತ್ರಿ ಅಲ್ಲಿ ಕೆಲಸಕ್ಕೆ ಬಾರದು. ಗಾಳಿಯನ್ನೂ ಮಳೆಯನ್ನೂ ತಡೆಯುವ, ಟೋಪಿಗೆ ಹುರಿ ಇರುವ ಜಾಕೆಟ್, ನೀರಿಳಿಯದ ಬೂಟು, ಒಳಗೆ ಪದರಪದರವಾಗಿ ತೆಳುವಾದ ಉಣ್ಣೆ ಬಟ್ಟೆ ಬೇಕು. ಕಾರಿನ ಬಾಗಿಲು ತೆರೆಯುವಾಗ ಒಂದು ಕೈಯಲ್ಲಿ ಹಿಡಿದೇ ತೆರೆಯಿರಿ: ಗಾಳಿ ಬಾಗಿಲನ್ನು ಕಿತ್ತು ಹಿಂದಕ್ಕೆ ಮಡಚಿದರೆ ಬಹಳಷ್ಟು ಬಾಡಿಗೆ ವಿಮೆಗಳು ಅದಕ್ಕೆ ಹಣ ಕೊಡುವುದಿಲ್ಲ.

ಸಸ್ಯಾಹಾರಿಗಳು ಅಡುಗೆಮನೆ ಇರುವ ಮನೆಯನ್ನೇ ಹಿಡಿಯಲಿ. ಕರ್ಕ್‌ವಾಲ್‌ನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳಿವೆ, ಅಕ್ಕಿ, ಬೇಳೆ, ಮೊಸರು, ತರಕಾರಿ ಎಲ್ಲ ಸಿಗುತ್ತವೆ. ಹೊರದ್ವೀಪದ ಅಂಗಡಿಗಳನ್ನು ನೆಚ್ಚಬೇಡಿ. ಊರಿನಿಂದ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ ತರಬಹುದು. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ತರಲು ಅನುಮತಿ ಇಲ್ಲ, ಅವುಗಳನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ. ಒಗ್ಗರಣೆ ಹಾಕುವ ಮುನ್ನ ಅಡುಗೆಮನೆಯ ಕಿಟಕಿ ತೆರೆದು, ಹೊಗೆಕೊಳವೆಯ ಫ್ಯಾನು ಹಾಕಿ, ಕೋಣೆಯ ಬಾಗಿಲು ಮುಚ್ಚಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆ ಗಂಟೆ ಹೊಡೆದುಕೊಂಡರೆ ಪಕ್ಕದ ಮನೆಯವರೂ ಹೊರಗೆ ಬರುತ್ತಾರೆ. ಬೆಳಗಿನ ಉಪಾಹಾರ ಕೊಡುವ ಮನೆಗಳಲ್ಲಿ ಉಳಿಯುವುದಾದರೆ ‘ಸಸ್ಯಾಹಾರಿ’ ಎಂದಷ್ಟೇ ಹೇಳದೆ, ಮೊಟ್ಟೆಯೂ ಬೇಡವೆಂದು ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಬೇರ್ ಎಂಬ ಹಳೆಯ ತಳಿಯ ಬಾರ್ಲಿ ಹಿಟ್ಟಿನಿಂದ ಕಾವಲಿಯ ಮೇಲೆ ಬೇಯಿಸುವ ಬ್ಯಾನಕ್ ಎಂಬ ದಪ್ಪ ರೊಟ್ಟಿ ಬೇಕರಿಗಳಲ್ಲಿ ಸಿಗುತ್ತದೆ, ಕಟ್ಟಿಕೊಂಡು ಹೋಗಲು ಅನುಕೂಲ.

ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಸ್ಕಾಟಿಷ್ ಬ್ಯಾಂಕುಗಳು ಅಚ್ಚುಹಾಕಿದ ಪೌಂಡ್ ನೋಟುಗಳು ಕೈಗೆ ಬಂದರೆ ಅಲ್ಲೇ ಖರ್ಚುಮಾಡಿ, ಬೆಂಗಳೂರಿನ ಹಣ ವಿನಿಮಯದ ಅಂಗಡಿಗಳಲ್ಲಿ ಅವುಗಳನ್ನು ತೆಗೆದುಕೊಳ್ಳಲು ಹಿಂದೇಟು ಹಾಕಬಹುದು.

## ಹಂತ 9: ಮರಳುವ ದಿನ

ಅತಿ ದುಬಾರಿ ತಪ್ಪು ಆಗುವುದು ಇಲ್ಲಿ. ಆರ್ಕ್ನಿಯಿಂದ ಹೊರಡುವ ದಿನವೇ ಲಂಡನ್ನಿನಿಂದ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಹಡಗು ಒಂದು ಸರದಿ ರದ್ದಾದರೂ ಇಡೀ ಸರಪಳಿ ಕಳಚುತ್ತದೆ. ಸ್ಕಾಟ್ಲೆಂಡಿನ ಭೂಭಾಗದಲ್ಲಿ ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು, ಇರಲಿ. ಎಡಿನ್‌ಬರೋ ಸುತ್ತಾಟವನ್ನು ಪ್ರವಾಸದ ಆರಂಭದಲ್ಲಿ ಇಡುವುದಕ್ಕಿಂತ ಕೊನೆಗೆ ಇಟ್ಟರೆ ಅದೇ ಈ ಬಿಡುವಾಗುತ್ತದೆ.

ಹೊರಡುವ ಎರಡು ದಿನ ಮೊದಲಿನಿಂದ ಗಾಳಿಯ ಮುನ್ಸೂಚನೆ ನೋಡುತ್ತಿರಿ. ಪೂರ್ವದ ಗಾಳಿ ಜೋರಾಗುವ ಸೂಚನೆ ಇದ್ದು ನಿಮ್ಮ ಹಡಗು ಸೇಂಟ್ ಮಾರ್ಗರೆಟ್ಸ್ ಹೋಪ್‌ನಿಂದ ಹೊರಡುವುದಾಗಿದ್ದರೆ ಇನ್ನೊಂದು ಅಡಚಣೆಯನ್ನೂ ಗಮನಿಸಬೇಕು. ಆ ಊರು ಸೌತ್ ರೊನಾಲ್ಡ್‌ಸೇಯಲ್ಲಿದೆ. ಕರ್ಕ್‌ವಾಲ್‌ನಿಂದ ಅಲ್ಲಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದ್ವೀಪಗಳ ನಡುವೆ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ನಾಲ್ಕು ಚರ್ಚಿಲ್ ತಡೆಗೋಡೆಗಳ ಮೇಲಿನ ರಸ್ತೆಯಲ್ಲೇ ಹೋಗಬೇಕು. ಅಲೆಗಳು ರಸ್ತೆಯ ಮೇಲೆ ಅಪ್ಪಳಿಸತೊಡಗಿದರೆ, ಅದರಲ್ಲೂ ಎರಡನೆಯ ತಡೆಗೋಡೆಯಲ್ಲಿ, ಸಂಚಾರ ನಿಲ್ಲಿಸುತ್ತಾರೆ. ಹಡಗು ಹೊರಟರೂ ನೀವು ಅದನ್ನು ತಲುಪಲಾರಿರಿ. ಇದು ಚಳಿಗಾಲದಲ್ಲಿ ಹೆಚ್ಚು, ಆದರೆ ವಸಂತ ಮತ್ತು ಶರತ್ಕಾಲದಲ್ಲೂ ಆಗದ್ದಲ್ಲ. ಅನುಮಾನವಿದ್ದರೆ ಹಿಂದಿನ ರಾತ್ರಿಯೇ ತಡೆಗೋಡೆ ದಾಟಿ ಆ ಊರಿನಲ್ಲಿ ತಂಗಿ.

ಹಡಗು ರದ್ದಾದರೆ, ತಡವಾದರೆ, ಕಂಪನಿಗಳು ಮೊಬೈಲಿಗೆ ಸಂದೇಶ ಕಳಿಸುತ್ತವೆ. ಕಾಯ್ದಿರಿಸುವಾಗ ಬಹಳ ಮಂದಿ ಭಾರತದ ಸಂಖ್ಯೆ ಕೊಟ್ಟು, ಲಂಡನ್ನಿನಲ್ಲಿ ಇಳಿದೊಡನೆ ಆ ಸಿಮ್ ತೆಗೆದಿಡುತ್ತಾರೆ. ಹೊಸ ಸಿಮ್ ಹಾಕಿದ ದಿನವೇ ಹಡಗಿನ ಕಂಪನಿಯ ಪುಟಕ್ಕೆ ಹೋಗಿ ಸಂಖ್ಯೆಯನ್ನು ಬದಲಿಸಿ.